ಫೋನು ಕೇಳಿಸಿಕೊಳ್ಳುವುದಿಲ್ಲ

ನನ್ನ ಎರಡು ಕಿವಿಗಳೂ ಗಟ್ಟಿಮುಟ್ಟಾಗಿವೆ. ಮಹಡಿಯ ಮೇಲೆ ನಮ್ಮ ಮನೆಯವರು ಬಿಸ್ಕತ್ತಿನ ಪೊಟ್ಟಣವನ್ನು ಎಷ್ಟೇ ನಾಜೂಕಾಗಿ ಬಿಚ್ಚಿದರೂ ಕೆಳಗೆ ಅಡುಗೆಮನೆಯಲ್ಲಿರುವ ನನಗೆ ಗೊತ್ತಾಗುತ್ತದೆ. ಆದರೂ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಫೋನು ತೆರೆದರೆ ಸಾಕು, ಅದು ನನಗೊಂದು ಕಿವಿಯ ಯಂತ್ರ ಮಾರಲು ನೋಡುತ್ತದೆ. ಕಡಲೆಕಾಳಿನಷ್ಟು ಚಿಕ್ಕದಂತೆ, ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲವಂತೆ, ಒಂದು ತಿಂಗಳು ಬಳಸಿ ನೋಡಿ ಹಿಡಿಸದಿದ್ದರೆ ವಾಪಸ್ಸು ಕೊಡಬಹುದಂತೆ. ಒಂದು ದಿನ ಪಕ್ಕದ ಸೀಟಿನ ಹುಡುಗಿ ಇದನ್ನು ಓರೆಗಣ್ಣಿನಲ್ಲಿ ನೋಡಿದಳು. ಇಳಿಯುವಾಗ ದಾರಿ ಬಿಡಿ ಎಂದು ನನಗೆ ಹೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು.

ಈ ಜಾಹೀರಾತು ನನ್ನ ಬೆನ್ನು ಹತ್ತಿದ್ದಕ್ಕೆ ಕಾರಣವಿದೆ. ಅದನ್ನು ಹೇಳುವ ಮುಂಚೆ ನನ್ನ ಅರ್ಹತೆಯನ್ನು ಹೇಳಿಕೊಂಡುಬಿಡುತ್ತೇನೆ. ಅದನ್ನು ಹೇಳಿಕೊಳ್ಳದೆ ನಾನು ಎಲ್ಲಿಯೂ ಬಾಯಿ ತೆರೆದವಳಲ್ಲ. ಬರ್ಮಿಂಗ್‌ಹ್ಯಾಮಿಗೆ ಬಂದು ಹದಿನೇಳು ವರ್ಷವಾಯಿತು. ಮಾಡುವುದು ಸಾಫ್ಟ್‌ವೇರ್ ಕೆಲಸ. ಅದರಲ್ಲಿ ಎರಡು ವರ್ಷ, ಯಾರಿಗೆ ಯಾವ ಜಾಹೀರಾತು ತೋರಿಸಿದರೆ ಕೊಂಡಾರು ಎಂದು ಅಂದಾಜು ಹಾಕುವ ಒಂದು ಕಂಪನಿಯಲ್ಲಿ ದುಡಿದಿದ್ದೇನೆ. ಹೀಗಾಗಿ ಯಾರಾದರೂ ನನ್ನೆದುರು "ಫೋನು ನಮ್ಮ ಮಾತೆಲ್ಲ ಕೇಳಿಸ್ಕೊಳ್ಳುತ್ತೆ ಕಣ್ರೀ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹಾಗೆನ್ನುವವರಿಗೆ ಇಲ್ಲಿ ಬರವಿಲ್ಲ. ಒಂದು ಯುಗಾದಿ ಊಟಕ್ಕೆ ಲೀಡ್ಸಿನ ಹೆಡಿಂಗ್ಲೀಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು, ತನ್ನ ಮಿಕ್ಸಿ ಕೆಟ್ಟಿದೆ ಎಂದು ಅಡುಗೆಮನೆಯಲ್ಲಿ ಗೊಣಗಿಕೊಂಡಿದ್ದಕ್ಕೆ ಸಂಜೆಯೊಳಗೆ ಫೋನಿನಲ್ಲಿ ಮಿಕ್ಸಿಯೇ ಮಿಕ್ಸಿ ಎಂದು ಎಲ್ಲರಿಗೂ ತೋರಿಸಿದಳು. ಗೊಣಗಿದ್ದು ಕನ್ನಡದಲ್ಲಿ ಎಂಬುದನ್ನು ಎರಡು ಸಲ ಹೇಳಿದಳು. ಫೋನಿಗೆ ಕನ್ನಡ ಬರುತ್ತದೆ ಎಂದು ಅವಳಿಗೆ ಭಯಕ್ಕಿಂತ ಹೆಮ್ಮೆಯೇ ಹೆಚ್ಚಾಗಿದ್ದ ಹಾಗಿತ್ತು. ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗಿಟ್ಟು ಉಪನ್ಯಾಸ ಶುರು ಮಾಡಿದೆ. ಫೋನು ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ಅಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ನೀವು ಎಲ್ಲಿ ಹೋದಿರಿ, ಏನು ಹುಡುಕಿದಿರಿ ಎಂಬುದನ್ನು ನೀವೇ ದಿನವಿಡೀ ಬೆರಳಲ್ಲಿ ಬರೆದುಕೊಡುತ್ತಿರುವಾಗ ಅದು ಕಿವಿಗೊಟ್ಟು ಕೂರುವುದು ಯಾಕೆ? ಜಾಹೀರಾತು ಬಂತೆಂದರೆ ಮನೆಯಲ್ಲಿ ಯಾರೋ ಹುಡುಕಿದ್ದಾರೆ ಎಂದೇ ತಿಳಿಯಿರಿ. ಆಮೇಲೆ ಪಾಟೀಸವಾಲು ಮಾಡಿದಾಗ ಆಕೆಯ ಗಂಡ, ಮಧ್ಯಾಹ್ನವೇ ಮಿಕ್ಸಿ ರಿಪೇರಿಗೆ ಫೋನಿನಲ್ಲಿ ತಡಕಾಡಿದ್ದನ್ನು ಒಪ್ಪಿಕೊಂಡ. ಆ ಖುಷಿಗೆ ನಾನು ಇನ್ನೆರಡು ಹೋಳಿಗೆ ತಿಂದೆ.

ಕೇಳಿಸಿಕೊಂಡು ಮಾರುವವರನ್ನು ನಾನು ನೋಡಿಯೇ ಇಲ್ಲವೆಂದಲ್ಲ. ಮೈಸೂರಿನ ನಮ್ಮ ವಠಾರಕ್ಕೆ ಪಾತ್ರೆಯ ಚೆನ್ನಮ್ಮ ಬರುತ್ತಿದ್ದಳು. ಹಳೆಯ ಜರಿ ಸೀರೆ, ಅಪ್ಪನ ಸವೆದ ಪ್ಯಾಂಟು ಕೊಟ್ಟರೆ ಬದಲಿಗೆ ಸ್ಟೀಲ್ ಪಾತ್ರೆ ಕೊಡುವವಳು. ಅವಳು ಪ್ಯಾಂಟನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದು, ಅಮ್ಮ ಅದನ್ನು ಎರಡೇ ಸಲ ಹಾಕಿದ್ದೆಂದು ಸಾಧಿಸುವುದು, ಕೊನೆಗೆ ಒಂದು ಲೋಟ ಹೆಚ್ಚಿಗೆ ಬೇಕೆಂದು ಅರ್ಧ ಗಂಟೆ ಜಗ್ಗಾಡುವುದು, ಇದನ್ನೆಲ್ಲ ನೋಡುತ್ತ ನಾನು ಸ್ಕೂಲಿಗೆ ಎಷ್ಟೋ ಸಲ ತಡವಾಗಿ ಹೋಗಿದ್ದೇನೆ. ಜಗ್ಗಾಟದ ನಡುವೆ ಎಲೆಯಡಿಕೆ ಮೆಲ್ಲುತ್ತ ಚೆನ್ನಮ್ಮ ಮನೆಮನೆಯ ಮಾತಿಗೂ ಕಿವಿಗೊಟ್ಟಿರುತ್ತಿದ್ದಳು. ಯಾರ ಮನೆಗೆ ನೆಂಟರು ಬರುತ್ತಾರೋ ಅಲ್ಲಿಗೆ ಮುಂದಿನ ವಾರ ದೊಡ್ಡ ಡಬರಿ ಬರುತ್ತಿತ್ತು. ಹುಡುಗಿಯನ್ನು ನೋಡಲು ಬರುವವರಿದ್ದರೆ ತಿಂಡಿ ತಟ್ಟೆಗಳು ಬರುತ್ತಿದ್ದವು.

ನಮ್ಮ ಚಿಕ್ಕಮ್ಮನಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯ ಸಲ ಮನೆಯಲ್ಲಿ ಯಾರೂ ಬಾಯಿ ಬಿಡಕೂಡದೆಂದು ಅಜ್ಜಿಯ ಕಟ್ಟಪ್ಪಣೆಯಾಗಿತ್ತು. ಏಳು ತಿಂಗಳು ತುಂಬಿದ ಮೇಲೆ ಅಜ್ಜಿಯೇ ಚೆನ್ನಮ್ಮನಿಗೆ ಸುದ್ದಿ ಹೇಳಿದಾಗ ಅವಳು ಬುಟ್ಟಿಯ ತಳಕ್ಕೆ ಕೈ ಹಾಕಿ, ಹಳೆಬಟ್ಟೆಯ ಗಂಟಿನ ಕೆಳಗಿಂದ ಕೂಸಿಗೆ ಹಾಲು ಹಾಕುವ ಒಂದು ಒಳಲೆ ತೆಗೆದಳು. ನಾಲ್ಕು ತಿಂಗಳಿಂದ ಹೊತ್ತು ತಿರುಗುತ್ತಿದ್ದೇನೆ ತಾಯಿ ಎಂದಳು. ಮಾರುವ ಆಸೆ ಅವಳಿಗೂ ಇತ್ತು. ಆದರೆ ಯಾವುದನ್ನು ಎಲ್ಲಿಯವರೆಗೆ ಬುಟ್ಟಿಯ ತಳದಲ್ಲಿಟ್ಟಿರಬೇಕು ಎಂಬುದೂ ಗೊತ್ತಿತ್ತು. ನಾನು ಆ ಎರಡು ವರ್ಷ ಬರೆದ ಪ್ರೋಗ್ರಾಮುಗಳಿಗೆ ಅದೊಂದು ಗೊತ್ತಿರಲಿಲ್ಲ. ಕಲಿಸಬೇಕೆಂದು ನನಗೂ ಹೊಳೆದಿರಲಿಲ್ಲ.

ಎಲ್ಲಿಗೋ ಹೋಗಿಬಿಟ್ಟೆ. ನಾನು ಹೇಳಬೇಕೆಂದಿದ್ದದ್ದು ಶಾಹೀನಳ ವಿಷಯ. ಹನ್ನೆರಡು ವರ್ಷದ ಹಿಂದೆ ಕಣ್ಣು ಕೆಂಡದ ಹಾಗೆ ಕೆಂಪಾಗಿ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಏನೋ ಹನಿ ಬಿಟ್ಟರು. ಎಷ್ಟು ವರ್ಷ ಇಂಗ್ಲಿಷಿನಲ್ಲಿ ಬದುಕಿದರೂ ಉರಿ ಮಾತ್ರ ಕನ್ನಡದಲ್ಲೇ ಬರುತ್ತದೆ, ಅಯ್ಯಯ್ಯೋ ಉರೀತಿದೆ ಎಂದೆ. ಸ್ವಲ್ಪ ಉರೀತದರಿ, ತಡ್ಕೋರಿ ಎಂದಿತು ಡಾಕ್ಟರ ದನಿ. ನಾನು ಕಣ್ಣು ಮುಚ್ಚಿಕೊಂಡೇ ಯಾವೂರು ಎಂದು ಕೇಳಿದೆ. ವಿಜಯಪುರ. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಹೀಗೆ ಬೆಳೆದವಳು. ಗಂಡ ಇಕ್ಬಾಲ್ ರೈಲ್ವೆ ಸೇತುವೆಗಳ ಎಂಜಿನಿಯರು. ಇದೇ ಊರಿನ ಹಾರ್ಬೋರ್ನ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡೇ ಬೀದಿಯಾಚೆ ಅವರ ಮನೆ. ಅಂದಿನಿಂದ ಪ್ರತಿ ಶನಿವಾರ ಹನ್ನೊಂದು ಗಂಟೆಗೆ ನಾನು ಅವಳ ಅಡುಗೆಮನೆಯಲ್ಲಿ ಹಾಜರು. ಅವಳಿಗೆ ಯಾವ ದಿನ ಡ್ಯೂಟಿ ಎಂದು ಹೇಳುವ ರೋಟಾ ಬಂದ ಕೂಡಲೇ ನನಗೆ ಅದರ ಫೋಟೋ ಬರುತ್ತಿತ್ತು. ಇಕ್ಬಾಲ್ ಆ ಹೊತ್ತಿಗೆ ಬ್ಯಾಡ್ಮಿಂಟನ್ನಿಗೆ ಹೊರಟಿರುತ್ತಿದ್ದರು. ಶೇಂಗಾ ಚಟ್ನಿಪುಡಿ ಹಚ್ಚಿದ ಟೋಸ್ಟು, ಶುಂಠಿ ಜಜ್ಜಿ ಹಾಕಿದ ಚಹಾ. ನನ್ನ ಜೊತೆ ಮಾತಾಡಿ ಮಾತಾಡಿ ಅವಳ ಕನ್ನಡ ಅರ್ಧ ಮೈಸೂರಿನದಾಗಿತ್ತು. ಸಿಟ್ಟು ಬಂದಾಗ, ಅಳು ಬಂದಾಗ ಮಾತ್ರ ಪೂರ್ತಿ ವಿಜಯಪುರಕ್ಕೆ ಹೋಗಿಬಿಡುತ್ತಿದ್ದಳು.

ಅವಳ ಮನೆಗೆ ಮೊದಲ ಸಲ ಹೋದಾಗ ಚಹಾಕ್ಕಿಂತ ಮುಂಚೆ ವೈಫೈ ಪಾಸ್‌ವರ್ಡ್ ಕೊಟ್ಟಳು. ಈಗ ನಮ್ಮವರ ಮನೆಗಳಲ್ಲೆಲ್ಲ ಅದೇ ಉಪಚಾರ. ಹಿಂದೆ ಬಂದವರ ಕೈಗೆ ನೀರು ಬೆಲ್ಲ ಕೊಡುತ್ತಿದ್ದರು. ಈಗ ಫ್ರಿಜ್ಜಿಗೆ ಅಂಟಿಸಿದ ಚೀಟಿಯನ್ನು ತೋರಿಸುತ್ತಾರೆ, ಬಂದವರು ಚಪ್ಪಲಿ ಬಿಡುವ ಮೊದಲೇ ಅದನ್ನು ಫೋನಿಗೆ ಹೊಡೆದುಕೊಳ್ಳುತ್ತಾರೆ. ಅಂದಿನಿಂದ ನನ್ನ ಫೋನು ಅವಳ ಮನೆಯ ಬಾಗಿಲು ದಾಟಿದ ಕೂಡಲೇ ತಾನಾಗಿ ಆ ವೈಫೈಗೆ ಸೇರಿಕೊಳ್ಳುತ್ತಿತ್ತು.

ಶಾಹೀನ್ ಓದಿದ ಡಾಕ್ಟರು. ಆದರೂ ಫೋನು ಕೇಳಿಸಿಕೊಳ್ಳುತ್ತದೆ ಎಂಬುದರಲ್ಲಿ ಅವಳಿಗೆ ಅಲುಗದ ನಂಬಿಕೆ. ಮುಖ್ಯವಾದ ಮಾತಿದ್ದರೆ ಮೊದಲು ತನ್ನ ಫೋನನ್ನು ಬ್ರೆಡ್ಡಿನ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚುತ್ತಿದ್ದಳು. ನಾನು ನಗುತ್ತಿದ್ದೆ. ನನ್ನ ಉಪನ್ಯಾಸವನ್ನು ಅವಳಷ್ಟು ಸಲ ಕೇಳಿದವರು ಈ ದೇಶದಲ್ಲೇ ಇಲ್ಲ.

ಕಳೆದ ಫೆಬ್ರವರಿಯ ಒಂದು ಶನಿವಾರ ಅವಳು ಫೋನನ್ನು ಡಬ್ಬಕ್ಕೆ ಹಾಕಿ ನನ್ನ ಫೋನಿಗೂ ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳು ಒತ್ತಾಯ ಮಾಡದೆ ಎದುರಿಗೆ ಕೂತು ಹೇಳತೊಡಗಿದಳು. ತನಗೆ ಕಿವಿ ಮಂದವಾಗುತ್ತಿದೆ. ಎರಡು ವರ್ಷದಿಂದಲೇ ಆಗುತ್ತಿರಬೇಕು. ಮಾಸ್ಕ್ ಹಾಕಿಕೊಂಡವರ ಮಾತು ಅರ್ಥವಾಗದೆ ಹೋದಾಗ, ತಾನು ಇಷ್ಟು ದಿನ ಜನರ ತುಟಿ ನೋಡಿಯೇ ಸಂಭಾಳಿಸುತ್ತಿದ್ದೆ ಎಂದು ಗೊತ್ತಾಯಿತಂತೆ. ಟೆಸ್ಟ್ ಮಾಡಿಸಬೇಕು, ಧೈರ್ಯ ಬರುತ್ತಿಲ್ಲ. ಕನ್ನಡಕ ಹಾಕಿಕೊಳ್ಳಲು ನಾಚಿಕೆ ಯಾಕೆ ಎಂದು ದಿನಕ್ಕೆ ಹತ್ತು ಜನರಿಗೆ ಬುದ್ಧಿ ಹೇಳುವವಳು ಕಿವಿಯ ಯಂತ್ರದ ಮಾತು ಬಂದರೆ ಬೆವರುತ್ತಿದ್ದಳು.

ಅವಳಿಗೆ ಹೆದರಿಕೆ ಯಂತ್ರದ್ದಲ್ಲ. ವಿಜಯಪುರದಲ್ಲಿ ಅವಳ ಅಮ್ಮಿಗೂ ಹೀಗೇ ಆಗಿತ್ತು. ಮನೆ ತುಂಬ ಜನ, ನಗು, ಹರಟೆ. ಅಮ್ಮಿ ಏನಂದರು ಏನಂದರು ಎಂದು ಕೇಳುತ್ತಿದ್ದರು. ಮೊದಮೊದಲು ತಿರುಗಿ ಹೇಳುತ್ತಿದ್ದವರು ಆಮೇಲೆ ಕುಛ್ ನೈ ಅಮ್ಮಿ, ಏನಿಲ್ಲ ಬಿಡು ಎನ್ನತೊಡಗಿದರು. ಕೊನೆಗೆ ಅಮ್ಮಿ ಕೇಳುವುದನ್ನೇ ಬಿಟ್ಟರು.

"ನಾನೂ ಹಂಗ ಅಂದೀನಿ ಸುಮಾ, ಅಮ್ಮಿಗೆ," ಎಂದಳು ಶಾಹೀನ್. "ಈಗ ನನಗ ಅನ್ನೋರು ಬರ್ತಾರ. ಟೆಸ್ಟ್ ಆಗೋತನಕ ಇವರಿಗೂ ಗೊತ್ತಾಗಬಾರ್ದು."

ಇಷ್ಟು ಹೇಳಿ ಕಣ್ಣೊರೆಸಿಕೊಂಡು ಮಧ್ಯಾಹ್ನದ ನಮಾಜಿಗೆ ಮಹಡಿ ಹತ್ತಿದಳು. ನಾನು ಕೆಳಗೆ ಒಬ್ಬಳೇ ಉಳಿದೆ.

ನಮ್ಮ ಜನರ ಒಂದು ಚಾಳಿ ನಿಮಗೂ ಗೊತ್ತಿರುತ್ತದೆ. ಯಾರಾದರೂ ಸೊಂಟನೋವು ಎಂದರೆ ಸುಮ್ಮನೆ ಕೂತು ಅಯ್ಯೋ ಪಾಪ ಎನ್ನಲು ನಮಗೆ ಬರುವುದಿಲ್ಲ. ಒಬ್ಬರು ಬಿಸಿ ಉಪ್ಪಿನ ಗಂಟು ಎನ್ನುತ್ತಾರೆ, ಒಬ್ಬರು ಎಣ್ಣೆಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ತಮ್ಮ ಭಾವಮೈದುನನ ಡಾಕ್ಟರ ನಂಬರನ್ನೇ ಕಳಿಸಿಬಿಡುತ್ತಾರೆ. ಔಷಧಿ ಹೇಳದೆ ಎದ್ದು ಬಂದರೆ ಸಂಕಟ ವಿಚಾರಿಸಿದ ಹಾಗೇ ಅಲ್ಲ ನಮಗೆ. ಆ ಚಾಳಿ ನನ್ನಲ್ಲಿ ಎರಡು ಪಟ್ಟು ಇದೆ. ಶಾಹೀನ್ ಅತ್ತಿದ್ದನ್ನು ನೋಡಿದ ಮೇಲೂ ನನ್ನ ಕೈ ಫೋನಿನ ಮೇಲೆ ಓಡುತ್ತಿತ್ತು. ಕಾಣದಂಥ ಕಿವಿಯ ಯಂತ್ರ ಯಾವುದು, ಹಾರ್ಬೋರ್ನಿನ ಹತ್ತಿರ ಟೆಸ್ಟ್ ಎಲ್ಲಿ ಮಾಡುತ್ತಾರೆ, ಡಾಕ್ಟರುಗಳು ಯಂತ್ರ ಹಾಕಿಕೊಂಡು ಕೆಲಸ ಮಾಡುತ್ತಾರೆಯೇ. ಅವಳು ಇಳಿದು ಬರುವುದರೊಳಗೆ ಎಷ್ಟೋ ಹುಡುಕಿ, ಒಂದನ್ನೂ ಅವಳಿಗೆ ಹೇಳುವ ಧೈರ್ಯವಾಗದೆ, ಫೋನನ್ನು ಚೀಲಕ್ಕೆ ಹಾಕಿ ಇನ್ನೊಂದು ಚಹಾ ಕುಡಿದು ಬಂದೆ. ಬಂದವಳು ಅದನ್ನು ಮರೆತೂಬಿಟ್ಟೆ. ದಿನಕ್ಕೆ ನೂರು ಸಲ ಮಾಡುವ ಕೆಲಸ ಯಾರ ನೆನಪಿನಲ್ಲಿ ಉಳಿಯುತ್ತದೆ?

ಎರಡು ವಾರದ ನಂತರದ ಶನಿವಾರ ಬಾಗಿಲು ತೆರೆದ ಶಾಹೀನ್ ನನ್ನನ್ನು ಒಳಗೆ ಕರೆಯಲಿಲ್ಲ. ಹಿಂದಿನ ಸಂಜೆ ಗಂಡಹೆಂಡತಿ ಟೀವಿಯಲ್ಲಿ ಯಾವುದೋ ಅಡುಗೆಯ ವಿಡಿಯೋ ನೋಡುತ್ತಿದ್ದಾಗ ನಡುವೆ ಕಿವಿಯ ಯಂತ್ರದ ಜಾಹೀರಾತು ಬಂತಂತೆ. ಬಿಳಿಕೂದಲಿನ ದಂಪತಿಗಳು, ನಗು, ತೋಟ. ಮತ್ತೊಂದು ವಿಡಿಯೋ ಹಾಕಿದರೆ ಅದರಲ್ಲೂ ಅದೇ ದಂಪತಿಗಳು. ನಮಗೆ ವಯಸ್ಸಾಯಿತು ಎಂದು ಟೀವಿಗೂ ಗೊತ್ತಾಗಿದೆ ನೋಡು ಎಂದು ಇಕ್ಬಾಲ್ ನಕ್ಕರಂತೆ. ತಮ್ಮ ಫೋನಿಗೂ ಮೂರು ದಿನದಿಂದ ಇದೇ ಬರುತ್ತಿದೆ ಎಂದರಂತೆ. ಗಂಡನಿಗೆ ಎಲ್ಲ ಗೊತ್ತಾಗಿದೆ, ನೇರವಾಗಿ ಕೇಳದೆ ಹೀಗೆ ತಮಾಷೆ ಮಾಡಿ ನೋಡುತ್ತಿದ್ದಾರೆ ಎಂದು ಶಾಹೀನಳಿಗೆ ಅನ್ನಿಸಿತ್ತು.

ನಾನು ಯಾರಿಗೂ ಹೇಳಿಲ್ಲ ಎಂದೆ. ಅವಳು ಹೊಸ್ತಿಲಿನಲ್ಲಿ ನಿಂತು ನನ್ನ ಉಪನ್ಯಾಸವನ್ನೇ ನನಗೆ ಒಪ್ಪಿಸಿದಳು.

"ಫೋನ್ ಕೇಳಿಸ್ಕೊಳ್ಳೂದಿಲ್ಲ ಅಂದವರು ನೀವು. ಹುಡುಕಿದ್ರ ಮಾತ್ರ ಜಾಹೀರಾತು ಬರ್ತದ ಅಂದವರೂ ನೀವು. ಇವರು ಹುಡುಕ್ಯಾರ ಅಂದ್ರ ಇವರಿಗೆ ಯಾರೋ ಹೇಳ್ಯಾರ. ಗೊತ್ತಿದ್ದದ್ದು ನಿಮಗೊಬ್ಬರಿಗೆ."

ಹನ್ನೆರಡು ವರ್ಷದಲ್ಲಿ ಅವಳು ನನಗೆ ನೀವು ಎಂದಿದ್ದು, ಕಣ್ಣಿಗೆ ಹನಿ ಬಿಟ್ಟ ಆ ದಿನ ಬಿಟ್ಟರೆ, ಅಂದೇ. ತರ್ಕದಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಇಷ್ಟು ಚೆನ್ನಾಗಿ ನನ್ನ ಪಾಠ ಕಲಿತವರು ಇನ್ನೊಬ್ಬರಿಲ್ಲ ಎಂದು ಆ ಸಂಕಟದಲ್ಲೂ ಅನ್ನಿಸಿತು. ಅವಳು ಬಾಗಿಲು ಹಾಕಿಕೊಂಡಳು.

ಮೊದಲ ಶನಿವಾರ ನನಗೆ ಬರೀ ಸಿಟ್ಟಿತ್ತು. ಹನ್ನೆರಡು ವರ್ಷದ ಸ್ನೇಹದ ಮೇಲೆ ಎರಡು ನಿಮಿಷದಲ್ಲಿ ಅನುಮಾನ ಪಟ್ಟಳಲ್ಲ ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದೆ. ಎರಡನೆಯ ಶನಿವಾರ ಸಾಂಬಾರ ಡಬ್ಬಗಳಿಗೆಲ್ಲ ಹೊಸ ಚೀಟಿ ಅಂಟಿಸಿದೆ. ಮೂರನೆಯ ಶನಿವಾರ ಹನ್ನೊಂದು ಗಂಟೆಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅವಳಿಲ್ಲದೆ ನನಗೆ ಈ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇನ್ನೊಬ್ಬರಿಲ್ಲ ಎಂಬುದು ಅವತ್ತು ಸರಿಯಾಗಿ ಗೊತ್ತಾಯಿತು. ಹಿಂದೆಂದೋ ನೋಡಿಟ್ಟಿದ್ದ ಪರದೆ ಬಟ್ಟೆಯೊಂದನ್ನು ಹುಡುಕೋಣವೆಂದು ಫೋನಿನಲ್ಲಿ ಹಳೆಯ ಹುಡುಕಾಟಗಳ ಪಟ್ಟಿ ತೆರೆದೆ. ಪರದೆಗಿಂತ ಮುಂಚೆ ಫೆಬ್ರವರಿಯ ಆ ಶನಿವಾರ ಸಿಕ್ಕಿತು. ಸಾಲಾಗಿ ಹನ್ನೊಂದು ಹುಡುಕಾಟ, ಎಲ್ಲವೂ ಕಿವಿಯದು.

ಅಲ್ಲಿಂದ ಮುಂದಿನದನ್ನು ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ. ಒಂದು ಮನೆಯ ವೈಫೈಗೆ ಸೇರಿಕೊಂಡ ಫೋನು, ಟೀವಿ, ಟ್ಯಾಬ್ಲೆಟ್ಟುಗಳೆಲ್ಲ ಜಾಹೀರಾತಿನವರ ಕಣ್ಣಿಗೆ ಒಂದೇ ರೇಷನ್ ಕಾರ್ಡಿನ ಹೆಸರುಗಳು. ಒಬ್ಬರು ಕೇಳಿದ್ದನ್ನು ಎಲ್ಲರಿಗೂ ಬಡಿಸುತ್ತಾರೆ. ಹಾಗೆ ಬಡಿಸುವುದು ಹೇಗೆಂದು ನಾನೇ ಎರಡು ವರ್ಷ ಬರೆದವಳು. ನನ್ನ ತರ್ಕ ಸರಿಯಾಗಿಯೇ ಇತ್ತು, ಯಾರೋ ಹುಡುಕಿದ್ದರು. ಫೋನು ಶಾಹೀನಳ ಮಾತನ್ನು ಕೇಳಿಸಿಕೊಂಡಿರಲಿಲ್ಲ, ನಿಜ ಹೇಳಬೇಕೆಂದರೆ ನಾನೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಅವಳು ಹೇಳಿದ್ದು ಹೆದರಿಕೆಯನ್ನು, ನಾನು ಹುಡುಕಿದ್ದು ಯಂತ್ರವನ್ನು.

ಮನೆಯವರಿಗೆ ಅವಳ ಗುಟ್ಟು ಏನೆಂದು ಹೇಳದೆ, ಆದ ಎಡವಟ್ಟನ್ನಷ್ಟೇ ಹೇಳಿದೆ. ಅವರು ಯಾವತ್ತೂ ಸುಲಭದ ದಾರಿ ಬಲ್ಲವರು. ಫೋನು ಕೇಳಿಸಿಕೊಂಡಿತು ಎಂದುಬಿಡು, ಆಕೆ ಮೊದಲಿಂದ ನಂಬಿರುವುದೂ ಅದನ್ನೇ, ನೀನು ಸೋತೆ ಎಂದು ಒಪ್ಪಿಕೊಂಡರೆ ಆಕೆಗೆ ಖುಷಿಯೂ ಆಗುತ್ತದೆ ಎಂದರು. ಆ ಸಲಹೆ ಎಷ್ಟು ಹಿತವಾಗಿತ್ತೆಂದರೆ ಒಂದು ರಾತ್ರಿ ಪೂರ್ತಿ ಅದನ್ನೇ ನೆಚ್ಚಿಕೊಂಡು ಮಲಗಿದೆ. ಒಂದು ಸಣ್ಣ ಸುಳ್ಳಿಗೆ ಶನಿವಾರಗಳೆಲ್ಲ ವಾಪಸ್ಸು ಬರುತ್ತವೆ. ಆದರೆ ಆಮೇಲೆ ಪ್ರತಿ ಶನಿವಾರ ಅವಳು ಫೋನನ್ನು ಬ್ರೆಡ್ಡಿನ ಡಬ್ಬಕ್ಕೆ ಹಾಕಿ ನನ್ನನ್ನು ಹೊರಗಿಟ್ಟುಕೊಂಡು ಮಾತಾಡುತ್ತಾಳೆ. ಜೋಪಾನ ಮಾಡಬೇಕಾದದ್ದು ಯಾರಿಂದ ಎಂದು ಅವಳಿಗೆ ಗೊತ್ತೇ ಇರುವುದಿಲ್ಲ. ಬೆಳಿಗ್ಗೆ ಎದ್ದು, ಒಂದು ಮಾತು ಹೇಳಬೇಕು, ಹೈಸ್ಟ್ರೀಟಿನ ಕೆಫೆಗೆ ಬಾ ಎಂದು ಅವಳಿಗೆ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು, ಎಷ್ಟು ಗಂಟೆಗೆ ಎಂದಷ್ಟೇ.

ಮಾತಾಡಲು ಅದಕ್ಕಿಂತ ಕೆಟ್ಟ ಜಾಗ ಹಾರ್ಬೋರ್ನಿನಲ್ಲಿ ಇರಲಿಕ್ಕಿಲ್ಲ. ಕಾಫಿ ಯಂತ್ರ ಬುಸುಗುಡುತ್ತಿತ್ತು, ತಳ್ಳುಗಾಡಿಯಲ್ಲಿ ಎರಡು ಕೂಸುಗಳು ಅಳುತ್ತಿದ್ದವು. ಶಾಹೀನ್ ಕೋಟು ಬಿಚ್ಚದೆ ಎದುರಿಗೆ ಕೂತಳು. ಮನೆಯಿಂದ ಹೊರಡುವಾಗ ನನ್ನಲ್ಲಿದ್ದ ಧೈರ್ಯ ಅಲ್ಲಿಗೆ ಬರುವಷ್ಟರಲ್ಲಿ ಅರ್ಧವಾಗಿತ್ತು. ಲೋಟವನ್ನೇ ನೋಡುತ್ತ, ಅವತ್ತು ನೀನು ನಮಾಜಿಗೆ ಹೋದಾಗ ಹುಡುಕಿದ್ದು ನಾನು ಎಂದು ಗೊಣಗಿದೆ.

"ಏನು?" ಎಂದಳು.

ಎರಡನೆಯ ಸಲ ನನ್ನ ಅರ್ಹತೆಯ ಹಿಂದೆ ಅಡಗಿಕೊಂಡೆ. ರೂಟರ್ ಎಂದೆ, ಒಂದು ಮನೆಯ ಸಲಕರಣೆಗಳನ್ನೆಲ್ಲ ಒಂದು ಗುಂಪಾಗಿ ಕಟ್ಟುತ್ತಾರೆ ಎಂದೆ, ಇನ್ನೂ ಏನೇನೋ ಅಂದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ತಲೆ ತಗ್ಗಿಸಿ ಮಾತಾಡುತ್ತಿದ್ದ ನನ್ನ ತುಟಿ ಅವಳಿಗೆ ಕಾಣುತ್ತಲೂ ಇರಲಿಲ್ಲ. ಮತ್ತೆ ಏನು ಎಂದಳು, ಈ ಸಲ ದನಿ ಸಣ್ಣಗಾಗಿತ್ತು. ಇನ್ನೊಂದು ಸಲ ಕೇಳಬೇಕೋ ಬೇಡವೋ ಎಂದು ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಏನಿಲ್ಲ ಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಮುಖ ಎತ್ತಿದೆ.

"ನಿನ್ನ ಕಿವಿ ವಿಷಯ ಹುಡುಕಿದ್ದು ನಾನು. ನಿನ್ನ ಮನೇಲಿ ಕೂತು, ನಿನ್ನ ವೈಫೈನಲ್ಲಿ. ಅದಕ್ಕೇ ನಿಮ್ಮ ಟೀವಿಗೆ ಬಂತು. ಇಕ್ಬಾಲ್ ಭಾಯಿಗೆ ಏನೂ ಗೊತ್ತಿಲ್ಲ. ತಪ್ಪು ನಂದು, ಶಾಹೀನ್."

ಕೂಸುಗಳು ಅಳು ನಿಲ್ಲಿಸಿ ನೋಡಿದವು. ಕಾಫಿ ಕೊಡುವವನೂ ನೋಡಿದ. ಈ ಬಡಾವಣೆಯಲ್ಲಿ ಕನ್ನಡ ಬಲ್ಲವರು ಬೇಕಾದಷ್ಟಿದ್ದಾರೆ, ಅವತ್ತು ಒಬ್ಬರೂ ಅಲ್ಲಿರಲಿಲ್ಲ ಎಂಬುದು ನಮ್ಮ ಪುಣ್ಯ. ಶಾಹೀನ್ ಕೋಟಿನ ಗುಂಡಿ ಬಿಚ್ಚಿದಳು.

"ಸಿಟ್ಟು ಇನ್ನೂ ಹೋಗಿಲ್ಲ ನಂದು," ಎಂದಳು. "ಆದ್ರ ಮೂರು ಸಲ ಹೇಳಿದಿ ನೀ. ಬಿಡು ಅನ್ಲಿಲ್ಲ."

ನನಗೆ ಅಳು ಬಂತು. ಅವಳು ನನ್ನ ಲೋಟವನ್ನೇ ಎಳೆದುಕೊಂಡು ಒಂದು ಗುಟುಕು ಕುಡಿದು, ತಣ್ಣಗಾಗಿದೆ ಎಂದು ಮುಖ ಕಿವುಚಿದಳು. ಗಂಡನಿಗೆ ಟೆಸ್ಟ್ ಆದ ಮೇಲೆ ತಾನೇ ಹೇಳುತ್ತೇನೆ, ಟೀವಿಯಿಂದ ಹೇಳಿಸುವುದು ಬೇಡ ಎಂದಳು.

"ಗುರುವಾರ ಟೆಸ್ಟ್ ಅದ. ಹೊರಗ ಕೂಡಬ್ಯಾಡ, ಒಳಗ ನನ್ನ ಜೋಡಿ ಬಾ. ಅವರು ಹೇಳಿದ್ದು ನನಗ ಕೇಳಿಸ್ಲಿಲ್ಲಂದ್ರ ನೀ ಹೇಳಬೇಕು. ಒಂದು ಮಾತೂ ಬಿಡಬಾರ್ದು."

ಹೇಳುತ್ತೇನೆ ಎಂದೆ. ಅಳುವಿನಲ್ಲಿ ದನಿ ಹೊರಟಿತ್ತೋ ಇಲ್ಲವೋ ಎಂದು ಅನುಮಾನವಾಗಿ, ಅವಳ ಕಡೆಗೆ ತಿರುಗಿ ಇನ್ನೊಂದು ಸಲ ಜೋರಾಗಿ ಹೇಳಿದೆ.